ಗುಂಡಿನೊಳಗೆ ಚಿನ್ನವೆಷ್ಟು, ಅರಗೆಷ್ಟು?

ನಮ್ಮ ದೊಡ್ಡಮ್ಮನ ಹತ್ತಿರ ಒಂದು ಹಳೆಯ ಗುಂಡಿನ ಸರ ಇತ್ತು. ಒಟ್ಟು 32 ಗುಂಡು. ಹಳೆಯ ಕಾಲದ್ದಾದ್ದರಿಂದ ಗುಂಡುಗಳು ಪೂರ್ತಿ ಚಿನ್ನದವಲ್ಲ. ಹೊರಗೆ ತೆಳುವಾದ ಚಿನ್ನದ ತಗಡು, ಒಳಗೆ ಅರಗು. ಅರಗು ತುಂಬದಿದ್ದರೆ ಅಷ್ಟು ತೆಳು ಗುಂಡು ಬೆರಳಲ್ಲಿ ಒತ್ತಿದರೂ ನೆಗ್ಗಿಹೋಗುತ್ತದೆ. ಕಡಿಮೆ ಚಿನ್ನದಲ್ಲಿ ತುಂಬಿಕೊಂಡ ಹಾಗೆ ಕಾಣುವ ಒಡವೆ ಬೇಕೆಂದರೆ ಆಗ ಇದೇ ದಾರಿ.

ಸರ ಮಾರಬೇಕೆಂದು ದೊಡ್ಡಮ್ಮ ಒಂದು ಅಂಗಡಿಗೆ ಹೋದರು. ಅಲ್ಲಿಯವರು ತಕ್ಕಡಿಗೆ ಹಾಕಿದರು, 30 ಗ್ರಾಂ ತೂಗಿತು. ಗುಂಡನ್ನು ಒಂದೆರಡು ಸಲ ಬೆರಳಲ್ಲಿ ತಿರುಗಿಸಿ ನೋಡಿ, "ಒಳಗೆ ಅರಗಿದೆ ಅಮ್ಮ, ಹತ್ತು ಗ್ರಾಂ ಹೋಗುತ್ತೆ. ಇಪ್ಪತ್ತಕ್ಕೆ ಲೆಕ್ಕ ಹಾಕೋಣ" ಎಂದರು. ಹತ್ತು ಗ್ರಾಂ ಅಂತ ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ಅನುಭವ ಅಮ್ಮ" ಎಂದರಂತೆ. ದೊಡ್ಡಮ್ಮ ಸರ ವಾಪಸ್ ತಂದು ನನ್ನ ಮುಂದೆ ಇಟ್ಟು, "ಒಡೆಯದೆ ಒಳಗೆಷ್ಟಿದೆ ಅಂತ ಹೇಳೋಕಾಗುತ್ತೇನೋ? ನೀನು ಸೈನ್ಸ್ ಓದಿದವನು ಅಲ್ವಾ" ಎಂದರು.

ಆಗುತ್ತದೆ. ಬೇಕಾಗಿದ್ದು ಒಂದು ಸಣ್ಣ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ಒಂದು ದಾರ. ಲೆಕ್ಕವಂತೂ ನಾವೆಲ್ಲ ಚಿಕ್ಕವರಿದ್ದಾಗ ಮಾಡಿದ್ದೇ.

ಆ ಒಗಟು ನೆನಪಿದೆಯಾ? ಒಂದು ಕೊಟ್ಟಿಗೆಯಲ್ಲಿ ಹಸುಗಳೂ ಕೋಳಿಗಳೂ ಇವೆ. ತಲೆ ಎಣಿಸಿದರೆ 20, ಕಾಲು ಎಣಿಸಿದರೆ 56. ಹಸು ಎಷ್ಟು, ಕೋಳಿ ಎಷ್ಟು? ಎಕ್ಸು ವೈ ಎಲ್ಲ ಬೇಡ. ಇಪ್ಪತ್ತೂ ಕೋಳಿಯೇ ಅಂದುಕೊಳ್ಳಿ. ಆಗ 40 ಕಾಲು ಇರಬೇಕಿತ್ತು. ಇರುವುದು 56, ಅಂದರೆ 16 ಜಾಸ್ತಿ. ಒಂದು ಕೋಳಿ ತೆಗೆದು ಅದರ ಜಾಗದಲ್ಲಿ ಒಂದು ಹಸು ಕಟ್ಟಿದರೆ ಎರಡು ಕಾಲು ಹೆಚ್ಚಾಗುತ್ತದೆ. 16 ಕಾಲು ಹೆಚ್ಚಾಗಬೇಕಾದರೆ 8 ಹಸು. ಉಳಿದ 12 ಕೋಳಿ.

ಗುಂಡಿನ ಸರದಲ್ಲಿ ತಲೆ ಎಂದರೆ ಗಾತ್ರ, ಕಾಲು ಎಂದರೆ ತೂಕ. ಅರಗು ಕೋಳಿ, ಚಿನ್ನ ಹಸು. ಮುಂದೆ ಬರುವುದೆಲ್ಲ ಈ ಒಂದು ಲೆಕ್ಕದ ಮೇಲೆಯೇ ನಿಂತಿದೆ.

ಒಂದೊಂದು ವಸ್ತುವಿಗೆ ಎಷ್ಟು 'ಕಾಲು' ಎನ್ನುವುದೇ ಸಾಂದ್ರತೆ. ಒಂದು ಘನ ಸೆಂಟಿಮೀಟರ್, ಬೈಕಿನವರ ಭಾಷೆಯಲ್ಲಿ ಒಂದು ಸಿಸಿ, ಅಷ್ಟು ಜಾಗದಲ್ಲಿ ಆ ವಸ್ತು ಎಷ್ಟು ಗ್ರಾಂ ಹಿಡಿಯುತ್ತದೆ ಅಂತ. ನೀರು 1 ಗ್ರಾಂ. ಬೆಣಚುಕಲ್ಲು 2.65. ಕಬ್ಬಿಣ 7.87, ತಾಮ್ರ 8.96, ಬೆಳ್ಳಿ 10.5, ಸೀಸ 11.34. ಚಿನ್ನ 19.3. ಅರ್ಧ ಲೀಟರಿನ ನೀರಿನ ಬಾಟಲಿಗೆ ಚಿನ್ನ ತುಂಬಲು ಸಾಧ್ಯವಾದರೆ ಅದು ಒಂಬತ್ತೂವರೆ ಕೆಜಿಗೂ ಹೆಚ್ಚು ತೂಗುತ್ತದೆ. ಸಿನಿಮಾದಲ್ಲಿ ಕಳ್ಳರು ಚೀಲದ ತುಂಬ ಚಿನ್ನದ ಗಟ್ಟಿ ಹಾಕಿಕೊಂಡು ಓಡುವುದನ್ನು ನೋಡಿದಾಗಲೆಲ್ಲ ನನಗೆ ನಗು ಬರುವುದು ಇದಕ್ಕೇ. (ಶಾಲೆಯ ಪುಸ್ತಕ ದ್ರವ್ಯರಾಶಿ ಬೇರೆ, ತೂಕ ಬೇರೆ ಅನ್ನುತ್ತದೆ. ಸರಿ. ಆದರೆ ಅಂಗಡಿಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ, ನಾನೂ ತೂಕ ಎಂದೇ ಬರೆಯುತ್ತೇನೆ.)

ಒಡವೆಯ ಚಿನ್ನ ಅಪರಂಜಿಯಲ್ಲ. 22 ಕ್ಯಾರಟ್ಟಿನಲ್ಲಿ ನೂರಕ್ಕೆ 91.6 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ ಇತ್ಯಾದಿ. ಹಾಲ್‌ಮಾರ್ಕಿನ 916 ಎಂಬ ಅಂಕಿ ಬಂದಿದ್ದು ಅಲ್ಲಿಂದಲೇ. ಬೆರಕೆಯೆಲ್ಲ ತಾಮ್ರವಾದರೆ ಸಾಂದ್ರತೆ 17.6, ಎಲ್ಲ ಬೆಳ್ಳಿಯಾದರೆ 18.0. ನಾನು 17.7 ಎಂದು ಹಿಡಿದೆ. ಅರಗು ನೀರಿಗಿಂತ ಸ್ವಲ್ಪ ಭಾರ, ಸುಮಾರು 1.1. ಈ 'ಸುಮಾರು' ಆಮೇಲೆ ತೊಂದರೆ ಕೊಡುತ್ತದೆ, ಅಲ್ಲಿಗೆ ಬರುತ್ತೇನೆ.

ತೂಕ ಗೊತ್ತಿತ್ತು. ಗಾತ್ರ ಅಳೆಯಬೇಕಿತ್ತು. ತುಂಬಿದ ಪಾತ್ರೆಗೆ ಸರ ಹಾಕಿ ಚೆಲ್ಲಿದ ನೀರನ್ನು ಅಳೆಯುವುದು ಎಲ್ಲರಿಗೂ ಹೊಳೆಯುವ ದಾರಿ. ಮಾಡಿ ನೋಡಿ, ಪಾತ್ರೆಯ ಅಂಚಿನಲ್ಲಿ ನೀರು ಉಬ್ಬಿ ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಬೇಕಾದ್ದಕ್ಕಿಂತ ಜಾಸ್ತಿ ಸುರಿಯುತ್ತದೆ. ಒಂದೆರಡು ಸಿಸಿ ಸುಮ್ನೆ ಹೆಚ್ಚು ಕಡಿಮೆಯಾಗುತ್ತದೆ. ನಮಗೆ ಬೇಕಾಗಿರುವುದೇ ಆರೇಳು ಸಿಸಿ.

ಅದಕ್ಕಿಂತ ಒಳ್ಳೆಯ ಉಪಾಯ ಒಂದಿದೆ. ಇದನ್ನು ನಾನು ಕಲಿತಿದ್ದು ಕಾಲೇಜು ಬಿಟ್ಟ ಎಷ್ಟೋ ವರ್ಷಗಳ ನಂತರ, ಯಾಕೆ ಮೊದಲೇ ಯಾರೂ ಹೇಳಿಕೊಡಲಿಲ್ಲವೋ. ತಕ್ಕಡಿಯ ಮೇಲೆ ಮುಕ್ಕಾಲು ಲೋಟ ನೀರಿಡಿ. ಟೇರ್ ಬಟನ್ ಒತ್ತಿ ಸೊನ್ನೆಗೆ ತನ್ನಿ. ಈಗ ಸರವನ್ನು ದಾರಕ್ಕೆ ಕಟ್ಟಿ, ಕೈಯಲ್ಲಿ ಹಿಡಿದುಕೊಂಡೇ ನೀರಿಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ಆದರೆ ತಳಕ್ಕೂ ಗೋಡೆಗೂ ತಾಗಬಾರದು. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಸಿಸಿ ಸರದ ಗಾತ್ರ. ಮುಗೀತು.

ಸರ ನನ್ನ ಕೈಯಲ್ಲಿದೆ, ತಕ್ಕಡಿ ಯಾಕೆ ತೂಕ ತೋರಿಸಬೇಕು? ಮುಳುಗಿದ ವಸ್ತುವನ್ನು ನೀರು ಮೇಲಕ್ಕೆ ತಳ್ಳುತ್ತದೆ. ಎಷ್ಟು ನೀರಿನ ಜಾಗವನ್ನು ಆ ವಸ್ತು ತೆಗೆದುಕೊಂಡಿದೆಯೋ ಅಷ್ಟು ನೀರಿನ ತೂಕದಷ್ಟು. ನೀರು ಸರವನ್ನು ಮೇಲಕ್ಕೆ ತಳ್ಳಿದರೆ ಸರವೂ ನೀರನ್ನು ಅಷ್ಟೇ ಕೆಳಕ್ಕೆ ತಳ್ಳುತ್ತದೆ. ಆ ತಳ್ಳು ಲೋಟದ ಮೂಲಕ ತಕ್ಕಡಿಗೆ ಮುಟ್ಟುತ್ತದೆ. ಉಳಿದ ಭಾರ ದಾರದ ಮೂಲಕ ನನ್ನ ಕೈಗೆ. ಒಂದು ಸಿಸಿ ನೀರು ಒಂದು ಗ್ರಾಂ, ಹಾಗಾಗಿ ಗ್ರಾಂ ಓದಿದರೆ ಸಿಸಿ ಓದಿದ ಹಾಗೆಯೇ. ದಾರ ಬಿಟ್ಟು ಸರ ತಳಕ್ಕೆ ಕೂತರೆ ತಕ್ಕಡಿ ಪೂರ್ತಿ 30 ಗ್ರಾಂ ತೋರಿಸಿಬಿಡುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಆಗಿದ್ದು ಅದೇ. ದೊಡ್ಡಮ್ಮ ಪಕ್ಕದಲ್ಲೇ ನಿಂತು, "ಇದನ್ನ ಆ ಅಂಗಡಿಯವನೇ ಹೇಳಿದ್ನಲ್ಲೋ" ಎಂದರು.

ಅಡುಗೆಮನೆಯ ತಕ್ಕಡಿ ಇಲ್ಲಿ ಸಾಲದು, ಅದು ಒಂದು ಗ್ರಾಂ ಲೆಕ್ಕದಲ್ಲಿ ಜಿಗಿಯುತ್ತದೆ. ಆನ್‌ಲೈನ್‌ನಲ್ಲಿ ಸಿಗುವ, 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ ಬೇಕು. ಸರದ ಹಳೆಯ ಹತ್ತಿದಾರವನ್ನು ತೆಗೆದೆ, ಅದು ನೀರು ಕುಡಿಯುತ್ತದೆ. ಗುಂಡುಗಳನ್ನು ಸಣ್ಣ ನೈಲಾನ್ ದಾರಕ್ಕೆ ಪೋಣಿಸಿದೆ. ದಾರ ತೆಗೆದ ಮೇಲೂ ತೂಕ 30.00 ಗ್ರಾಂ ಬಂತು, ಹತ್ತಿದಾರಕ್ಕೆ ಅಂಥ ಭಾರವೇನೂ ಇರಲಿಲ್ಲ.

ನೀರಿಗೆ ಇಳಿಸಿದಾಗ ಮೊದಲು ಬಂದ ಅಂಕಿ 7.3. ಅನುಮಾನ ಬಂದು ಲೋಟದ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದೆ. ಪ್ರತಿ ಗುಂಡಿನ ತೂತಿನ ಬಾಯಲ್ಲೂ ಸಾಸಿವೆ ಕಾಳಿನಷ್ಟು ಗಾಳಿಗುಳ್ಳೆ ಕೂತಿತ್ತು. ಗುಳ್ಳೆಯೂ ಜಾಗ ತೆಗೆದುಕೊಳ್ಳುತ್ತದಲ್ಲ, ಗಾತ್ರ ಸುಳ್ಳೇ ಜಾಸ್ತಿ ತೋರಿಸುತ್ತದೆ. ನೀರನ್ನು ಕುದಿಸಿ ಆರಿಸಿ, ಅದಕ್ಕೆ ಒಂದೇ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಸರವನ್ನು ಅದರಲ್ಲಿ ಮೆಲ್ಲಗೆ ಅಲ್ಲಾಡಿಸಿದೆ. ಗುಳ್ಳೆಗಳು ಒಂದೊಂದಾಗಿ ಬಿಟ್ಟುಕೊಂಡು ಮೇಲೆ ಬಂದವು. ಅಂಕಿ ಇಳಿಯುತ್ತಾ ಬಂದು 6.81ರಲ್ಲಿ ನಿಂತಿತು. ಮೂರು ಸಲ ಮಾಡಿದೆ, ಕೊನೆಯ ಅಂಕಿ ಒಂದೆರಡು ಆಚೀಚೆ, ಅಷ್ಟೇ.

ಈಗ ಕೋಳಿ-ಹಸುವಿನ ಲೆಕ್ಕ. ಸರ ಪೂರ್ತಿ ಅರಗೇ ಆಗಿದ್ದರೆ 6.81 ಸಿಸಿಗೆ 1.1ರಂತೆ 7.49 ಗ್ರಾಂ ತೂಗಬೇಕಿತ್ತು. ತೂಗಿದ್ದು 30. ಅಂದರೆ 22.51 ಗ್ರಾಂ ಜಾಸ್ತಿ. ಒಂದು ಸಿಸಿ ಅರಗು ತೆಗೆದು ಒಂದು ಸಿಸಿ ಚಿನ್ನ ಇಟ್ಟರೆ ತೂಕ 17.7ರಿಂದ 1.1 ಕಳೆದಷ್ಟು, ಅಂದರೆ 16.6 ಗ್ರಾಂ ಏರುತ್ತದೆ. 22.51ನ್ನು 16.6ರಿಂದ ಭಾಗಿಸಿದರೆ 1.356. ಇಡೀ ಸರದಲ್ಲಿರುವ ಚಿನ್ನದ ಗಾತ್ರ ಇಷ್ಟೇ, ಒಂದೂಕಾಲು ಸಿಸಿಗಿಂತ ತುಸು ಜಾಸ್ತಿ. ಅದರ ತೂಕ 1.356 ಗುಣಿಸು 17.7, ಅಂದರೆ 24 ಗ್ರಾಂ. ಅರಗು 6 ಗ್ರಾಂ.

ಗಾತ್ರದಲ್ಲಿ ಐದರಲ್ಲಿ ನಾಲ್ಕು ಪಾಲು ಅರಗು, ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಚಿನ್ನ. ಕಣ್ಣಿನಲ್ಲಿ ನೋಡಿ ಅಂದಾಜು ಮಾಡುವವರು ತಪ್ಪುವುದು ಇಲ್ಲಿಯೇ. ಒಳಗೆ ಎಷ್ಟೊಂದು ಅರಗಿದೆ ಎಂದು ಕಾಣುತ್ತದೆ, ಅದರ ತೂಕವೂ ಅಷ್ಟೊಂದು ಇರಬೇಕು ಅನ್ನಿಸುತ್ತದೆ.

ಸೂತ್ರವಾಗಿ ಬೇಕೆನ್ನುವವರಿಗೆ: ಒಟ್ಟು ತೂಕದಿಂದ, ಒಟ್ಟು ಗಾತ್ರ ಗುಣಿಸು ಹಗುರ ವಸ್ತುವಿನ ಸಾಂದ್ರತೆಯನ್ನು ಕಳೆಯಿರಿ. ಬಂದದ್ದನ್ನು ಎರಡು ಸಾಂದ್ರತೆಗಳ ವ್ಯತ್ಯಾಸದಿಂದ ಭಾಗಿಸಿ. ಅದು ಭಾರದ ವಸ್ತುವಿನ ಗಾತ್ರ. ಅದರ ಸಾಂದ್ರತೆಯಿಂದ ಗುಣಿಸಿದರೆ ತೂಕ. ಸೂತ್ರ ಮರೆತರೂ ಪರವಾಗಿಲ್ಲ, ಕೋಳಿ ಮರೆಯಬಾರದು.

ಈಗ ಆ 'ಸುಮಾರು'. ಅರಗಿನ ಸಾಂದ್ರತೆ 1.1 ಎಂದು ನಾನು ಹಿಡಿದದ್ದು ಶುದ್ಧ ಅರಗಿನ ಲೆಕ್ಕ. ಒಡವೆಗೆ ತುಂಬುವ ಅರಗಿಗೆ ಇಟ್ಟಿಗೆಪುಡಿಯನ್ನೋ ಮತ್ತೇನನ್ನೋ ಬೆರೆಸುವ ರೂಢಿಯೂ ಇದೆ, ಆಗ ಅದು ಇನ್ನೂ ಭಾರ. ಹಾಗಾದರೆ ನನ್ನ 24 ಗ್ರಾಂ ಎಷ್ಟು ಗಟ್ಟಿ?

ನಮ್ಮ ಪುಣ್ಯಕ್ಕೆ ಒಂದು ಗುಂಡು ನೆಗ್ಗಿ, ತೂತಿನ ಹತ್ತಿರ ಅರಗಿನ ಚೂರೊಂದು ಉದುರುವ ಹಾಗಿತ್ತು. ಅದನ್ನು ಸೂಜಿಯಿಂದ ಎಬ್ಬಿಸಿ ತೆಗೆದೆ. ತಕ್ಕಡಿಯಲ್ಲಿ ಅಳೆಯಲು ಆಗದಷ್ಟು ಚಿಕ್ಕದು. ಹಾಗಾಗಿ ಲೋಟದ ನೀರಿಗೆ ಹಾಕಿದೆ. ಮುಳುಗಿತು, ಅಂದರೆ 1ಕ್ಕಿಂತ ಹೆಚ್ಚು. ಆಮೇಲೆ ಉಪ್ಪು ಹಾಕಿ ಕಲಕುತ್ತಾ ಹೋದೆ. ಇನ್ನು ಕರಗುವುದಿಲ್ಲ ಎನ್ನುವಷ್ಟು ಉಪ್ಪು ಕರಗಿದ ನೀರಿನ ಸಾಂದ್ರತೆ ಸುಮಾರು 1.2. ಅಷ್ಟರ ಮಟ್ಟಿಗೆ ಹೋಗುವ ಮೊದಲೇ ಅರಗಿನ ಚೂರು ತಳ ಬಿಟ್ಟು ಎದ್ದಿತು, ನಡುವೆ ಸ್ವಲ್ಪ ಹೊತ್ತು ತೂಗಾಡಿತು, ಇನ್ನೆರಡು ಚಮಚ ಉಪ್ಪಿಗೆ ಮೇಲೆ ಬಂದು ತೇಲಿತು. ಅಲ್ಲಿಗೆ ಅರಗು 1ಕ್ಕೂ 1.2ಕ್ಕೂ ನಡುವೆ. ಇಟ್ಟಿಗೆಪುಡಿ ಹೆಚ್ಚಾಗಿ ಬೆರೆತಿದ್ದರೆ ಅದು ತಳದಲ್ಲೇ ಕೂತಿರುತ್ತಿತ್ತು.

1 ಎಂದು ಹಿಡಿದು ಲೆಕ್ಕ ಹಾಕಿದರೆ ಚಿನ್ನ 24.6 ಗ್ರಾಂ. 1.2 ಎಂದು ಹಿಡಿದರೆ 23.4. ಹಾಗಾಗಿ ದೊಡ್ಡಮ್ಮನಿಗೆ ಹೇಳಬಹುದಾದ ಪ್ರಾಮಾಣಿಕ ಉತ್ತರ, ಇಪ್ಪತ್ತಮೂರೂವರೆಯಿಂದ ಇಪ್ಪತ್ತನಾಲ್ಕೂವರೆ. ಲೆಕ್ಕವನ್ನು ತಿರುಗಿಸಿಯೂ ನೋಡಿದೆ. ಅಂಗಡಿಯವರ 20 ಗ್ರಾಂ ನಿಜವಾಗಬೇಕಾದರೆ ಅರಗಿನ ಸಾಂದ್ರತೆ 1.76 ಇರಬೇಕು. ಉಪ್ಪುನೀರಿನಲ್ಲಿ ತೇಲಿದ ವಸ್ತು 1.76 ಆಗಲು ಸಾಧ್ಯವಿಲ್ಲ.

ಚಿನ್ನದ ಸಾಂದ್ರತೆಯನ್ನೇ ತಪ್ಪು ಹಿಡಿದಿದ್ದರೆ? ಹಳೆಯ ಒಡವೆ, 22 ಕ್ಯಾರಟ್ ಎಂದು ಏನು ಗ್ಯಾರಂಟಿ? 18 ಕ್ಯಾರಟ್ ಎಂದುಕೊಂಡು 15.5 ಹಾಕಿ ನೋಡಿದೆ. 24.2 ಬಂತು. ಬದಲಾವಣೆ ಬರೀ ಕಾಲು ಗ್ರಾಂ. ಮೊದಲ ಸಲ ನೋಡಿದಾಗ ನನಗೂ ಆಶ್ಚರ್ಯವಾಯಿತು. ಯೋಚಿಸಿದರೆ ಕಾರಣ ಸುಲಭ. ಸರದ ಗಾತ್ರದಲ್ಲಿ ಹೆಚ್ಚಿನ ಪಾಲು ಅರಗಿನದು, ನಾವು ನಿಜವಾಗಿ ಅಳೆಯುತ್ತಿರುವುದೂ ಅರಗನ್ನೇ. ಅರಗಿನ ತೂಕ ಸಿಕ್ಕರೆ ಉಳಿದದ್ದು ಲೋಹ. ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಈ ಲೆಕ್ಕ ಒಳಗೆ ಎಷ್ಟು ಲೋಹ ಇದೆ ಎಂದು ಹೇಳುತ್ತದೆ, ಆ ಲೋಹ ಎಷ್ಟು ಶುದ್ಧ ಎಂದು ಹೇಳುವುದಿಲ್ಲ.

ಶುದ್ಧತೆಯ ಪ್ರಶ್ನೆಗೆ ಹುಟ್ಟಿದ್ದೇ ಆರ್ಕಿಮಿಡೀಸನ ಕಿರೀಟದ ಕಥೆ. ಸಿರಾಕ್ಯೂಸಿನ ರಾಜ ಹಿಯೆರೋನ್ ಮಾಡಿಸಿದ ಚಿನ್ನದ ಕಿರೀಟಕ್ಕೆ ಬೆಳ್ಳಿ ಬೆರೆಸಿದ್ದಾರೆಂಬ ಗುಮಾನಿ, ಸ್ನಾನದ ತೊಟ್ಟಿಯಲ್ಲಿ ಚೆಲ್ಲಿದ ನೀರು, ಯುರೇಕಾ ಎಂದು ಬೀದಿಯಲ್ಲಿ ಓಟ. ಕಥೆಯನ್ನು ನಮಗೆ ಹೇಳಿದವನು ವಿಟ್ರೂವಿಯಸ್ ಎಂಬ ರೋಮಿನ ಕಟ್ಟಡಶಿಲ್ಪಿ, ಅದೂ ಆರ್ಕಿಮಿಡೀಸ್ ಸತ್ತು ಸುಮಾರು ಇನ್ನೂರು ವರ್ಷಗಳ ಮೇಲೆ. ಲೆಕ್ಕ ಹಾಕಿದರೆ ಕಥೆ ಸ್ವಲ್ಪ ಅಲುಗಾಡುತ್ತದೆ. ಒಂದು ಕೆಜಿಯ ಕಿರೀಟ, ಅದರಲ್ಲಿ 300 ಗ್ರಾಂ ಬೆಳ್ಳಿ ಅಂದುಕೊಳ್ಳಿ. ಅಪ್ಪಟ ಚಿನ್ನವಾಗಿದ್ದರೆ ಗಾತ್ರ 51.8 ಸಿಸಿ, ಬೆರಕೆಯದು 64.8. ವ್ಯತ್ಯಾಸ 13 ಸಿಸಿ. ಕಿರೀಟ ಮುಳುಗುವಂಥ ಪಾತ್ರೆ 20 ಸೆಂಟಿಮೀಟರ್ ಅಗಲವಾದರೂ ಇರಬೇಕು. ಅದರಲ್ಲಿ 13 ಸಿಸಿ ಎಂದರೆ ನೀರಿನ ಮಟ್ಟ 0.4 ಮಿಲಿಮೀಟರ್ ಏರಿದ ಹಾಗೆ. ಅಂಚಿನಲ್ಲಿ ಉಬ್ಬಿ ನಿಲ್ಲುವ ನೀರೇ ಅದಕ್ಕಿಂತ ಜಾಸ್ತಿ ಇರುತ್ತದೆ.

ಇದೇ ಅನುಮಾನ ಗೆಲಿಲಿಯೋಗೂ ಬಂದಿತ್ತು. 1586ರಲ್ಲಿ, 22 ವರ್ಷದ ಹುಡುಗನಾಗಿದ್ದಾಗ, ಪುಟ್ಟ ತಕ್ಕಡಿಯೊಂದರ ಬಗ್ಗೆ ಅವನು ಒಂದು ಬರಹ ಬರೆದ. ನೀರು ಚೆಲ್ಲಿಸಿ ಅಳೆಯುವಂಥ ಒರಟು ಕೆಲಸ ಆರ್ಕಿಮಿಡೀಸನಂಥವನದ್ದಾಗಿರಲಿಕ್ಕಿಲ್ಲ, ಅವನು ನೀರಿನಲ್ಲೇ ತೂಗಿರಬೇಕು ಎಂಬುದು ಅವನ ವಾದ. ತಕ್ಕಡಿಯ ಒಂದು ಕಡೆ ಕಿರೀಟ, ಇನ್ನೊಂದು ಕಡೆ ಅಷ್ಟೇ ತೂಕದ ಅಪ್ಪಟ ಚಿನ್ನ. ಗಾಳಿಯಲ್ಲಿ ಸಮ ತೂಗುತ್ತವೆ. ಎರಡನ್ನೂ ನೀರಿನಲ್ಲಿ ಮುಳುಗಿಸಿದರೆ ಬೆರಕೆ ಕಿರೀಟದ ಕಡೆ 13 ಗ್ರಾಂ ಹಗುರವಾಗಿ ಮೇಲೇಳುತ್ತದೆ. ಕಣ್ಣಿಗೆ ಕಾಣದ 0.4 ಮಿಲಿಮೀಟರ್ ಇಲ್ಲಿ 13 ಗ್ರಾಂ ಆಗಿ ಎದ್ದು ಕಾಣುತ್ತದೆ. ನನ್ನ ಲೋಟ-ದಾರದ ಆಟವೂ ಇದರ ಮೊಮ್ಮಗನೇ.

ನಮ್ಮ ಕಡೆಯೂ ಚಿನ್ನದ ಬೆರಕೆಯ ಲೆಕ್ಕ ಹಳೆಯದೇ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಇಂಥ ಲೆಕ್ಕಗಳಿಗೆಂದೇ ಒಂದು ಭಾಗವಿದೆ. ಅಲ್ಲಿ ಕ್ಯಾರಟ್ಟಿನ ಬದಲು ವರ್ಣ, 24ರ ಬದಲು 16 ಎಂದರೆ ಅಪ್ಪಟ. ಬೇರೆ ಬೇರೆ ವರ್ಣದ ಚಿನ್ನ ಕರಗಿಸಿ ಸೇರಿಸಿದರೆ ಬರುವ ಗಟ್ಟಿಯ ವರ್ಣವೆಷ್ಟು? ಒಂದೊಂದರ ತೂಕವನ್ನು ಅದರ ವರ್ಣದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸುವುದು. ಆ ಲೆಕ್ಕದಲ್ಲಿ ಗಾತ್ರದ ಮಾತಿಲ್ಲ, ಬರೀ ತೂಕ. ವರ್ಣ ತಿಳಿಯಲು ಒರೆಗಲ್ಲು ಇತ್ತಲ್ಲ. ಒರೆಗಲ್ಲಿಗೆ ಒಂದು ಮಿತಿ ಇದೆ, ಅದು ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಈಗಿನ ಅಂಗಡಿಗಳ ಕ್ಯಾರಟ್ ಮೀಟರ್ ಯಂತ್ರವೂ ಎಕ್ಸ್‌ರೇ ಬಿಟ್ಟು ಓದುವುದು ಮೇಲಿನ ತೆಳು ಪದರವನ್ನೇ. ಒಳಗೇನಿದೆ ಎಂದು ಹೇಳುವುದು ನೀರು.

ನೀರನ್ನೂ ಯಾಮಾರಿಸಬಹುದು. ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆ 19.25. ಚಿನ್ನದ ಗಟ್ಟಿಯೊಳಗೆ ಅದನ್ನಿಟ್ಟು ಮೇಲೆ ಚಿನ್ನ ಹೊದಿಸಿದರೆ ತೂಕವೂ ಸರಿ, ಗಾತ್ರವೂ ಸರಿ. ಹಸುವಿನ ಪಕ್ಕ ಎಮ್ಮೆ ನಿಂತರೆ ಕಾಲು ಎಣಿಸಿ ಏನು ಪ್ರಯೋಜನ? ಸಣ್ಣ ಒಡವೆಗಳಲ್ಲಿ ಇನ್ನೊಂದು ಕಷ್ಟ. 5 ಗ್ರಾಮಿನ ಉಂಗುರ 22 ಕ್ಯಾರಟ್ ಆದರೆ 0.28 ಸಿಸಿ, 20 ಕ್ಯಾರಟ್ ಆದರೆ 0.30. ನಮ್ಮ ಪುಟ್ಟ ತಕ್ಕಡಿಯ ಕೊನೆಯ ಅಂಕಿ ಎರಡು ಹೆಜ್ಜೆ ಆಚೀಚೆ ಆದರೆ ತೀರ್ಪೇ ಬದಲು. ಮನೆಯಲ್ಲಿ ಉಂಗುರದ ಕ್ಯಾರಟ್ ಕಂಡುಹಿಡಿಯುತ್ತೇನೆ ಎಂದು ಹೊರಟು ಸಂಸಾರದಲ್ಲಿ ಜಗಳ ತಂದುಕೊಳ್ಳಬೇಡಿ. ಅರಗು ಮತ್ತು ಚಿನ್ನದ ಹಾಗೆ ಸಾಂದ್ರತೆಗಳು ತುಂಬಾ ದೂರ ಇದ್ದಾಗಲೇ ಈ ಲೆಕ್ಕ ಚೆನ್ನಾಗಿ ಕೆಲಸ ಮಾಡುವುದು.

ಬೆಣಚುಕಲ್ಲು ಮತ್ತು ಚಿನ್ನವೂ ಹಾಗೆಯೇ ದೂರ ದೂರ. ಚಿನ್ನದ ಎಳೆ ಕಣ್ಣಿಗೆ ಕಾಣುವಂಥ ಬೆಣಚುಕಲ್ಲಿನ ಚೂರು ಸಿಕ್ಕವರು ಇದೇ ರೀತಿ ನೀರಿನಲ್ಲಿ ತೂಗಿ ನೋಡುತ್ತಾರೆ. 100 ಗ್ರಾಂ ತೂಗುವ, 25 ಸಿಸಿ ಗಾತ್ರದ ಚೂರು ಎನ್ನಿ. ಪೂರ್ತಿ ಕಲ್ಲಾಗಿದ್ದರೆ 66.25 ಗ್ರಾಂ. ಜಾಸ್ತಿ ಇರುವುದು 33.75, ಭಾಗಿಸು 16.65, ಗುಣಿಸು 19.3. ಸುಮಾರು 39 ಗ್ರಾಂ ಚಿನ್ನ. ಆದರೆ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯ ಅದಿರನ್ನು ಹೀಗೆ ನೋಡಲು ಹೋದರೆ ಏನೂ ಸಿಗುವುದಿಲ್ಲ. ಅಲ್ಲಿ ಟನ್ ಕಲ್ಲಿಗೆ ಕೆಲವೇ ಗ್ರಾಂ ಚಿನ್ನ. ಒಂದು ಕೆಜಿ ಕಲ್ಲಿನಲ್ಲಿ ಕೆಲವೇ ಮಿಲಿಗ್ರಾಂ. ಅಷ್ಟರಿಂದ ಆಗುವ ತೂಕದ ವ್ಯತ್ಯಾಸಕ್ಕಿಂತ ಒಂದು ಕಲ್ಲಿಗೂ ಪಕ್ಕದ ಕಲ್ಲಿಗೂ ಇರುವ ವ್ಯತ್ಯಾಸವೇ ಎಷ್ಟೋ ಪಾಲು ಹೆಚ್ಚು. ಅಲ್ಲಿ ಕಲ್ಲನ್ನು ಪುಡಿ ಮಾಡಿ ಪರೀಕ್ಷೆ ಮಾಡದೆ ದಾರಿಯಿಲ್ಲ.

ಇಷ್ಟು ಹೊತ್ತು ಎರಡೇ ವಸ್ತುಗಳು. ಮೂರಾದರೆ? ಕೋಳಿ, ಹಸುವಿನ ಜೊತೆ ಆರು ಕಾಲಿನ ಇರುವೆಯನ್ನೂ ಕೊಟ್ಟಿಗೆಗೆ ಬಿಟ್ಟರೆ ತಲೆ, ಕಾಲು ಎರಡೇ ಎಣಿಸಿದವನಿಗೆ ಉತ್ತರ ಸಿಗುವುದಿಲ್ಲ. ಒಂದಕ್ಕಿಂತ ಹೆಚ್ಚು ಉತ್ತರಗಳು ಸರಿಹೊಂದುತ್ತವೆ. ಇದರ ಒಳ್ಳೆಯ ಉದಾಹರಣೆ ಹಳ್ಳಿಯ ಹಾಲಿನ ಡೇರಿಯಲ್ಲಿದೆ.

ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸುವುದನ್ನು ನೋಡಿರುತ್ತೀರಿ. ಅದು ಅಳೆಯುವುದು ಸಾಂದ್ರತೆಯನ್ನು. 30 ಎಂದು ತೋರಿಸಿದರೆ ಸಾಂದ್ರತೆ 1.030. ನೀರು ಬೆರೆಸಿದರೆ ಅಂಕಿ ಇಳಿಯುತ್ತದೆ, ಸಿಕ್ಕಿಬೀಳುತ್ತಾರೆ. ಆದರೆ ಹಾಲು ಎಂದರೆ ನೀರು ಒಂದೇ ಅಲ್ಲವಲ್ಲ. ನೀರು, ಅದಕ್ಕಿಂತ ಹಗುರವಾದ ಬೆಣ್ಣೆಯ ಅಂಶ, ಅದಕ್ಕಿಂತ ಭಾರವಾದ ಸಕ್ಕರೆ, ಪ್ರೋಟೀನ್, ಲವಣ. ಕೆನೆ ತೆಗೆದರೆ ಹಗುರವಾದದ್ದು ಹೋಗಿ ಹಾಲು ಭಾರವಾಗುತ್ತದೆ, ಅಂಕಿ 35ರ ಹತ್ತಿರ ಏರುತ್ತದೆ. ಜಾಣರು ಅದಕ್ಕೆ ಲೀಟರಿಗೆ 160-170 ಮಿಲಿ ನೀರು ಹಾಕಿದರೆ ಮತ್ತೆ 30! ಕೆನೆಯೂ ಮನೆಯಲ್ಲಿ, ನೀರೂ ಮಾರಾಟ, ಲ್ಯಾಕ್ಟೋಮೀಟರಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಡೇರಿಯಲ್ಲಿ ಫ್ಯಾಟ್ ಬೇರೆಯಾಗಿ ನೋಡುತ್ತಾರೆ. ಅದು ಮೂರನೆಯ ಅಳತೆ. ಲ್ಯಾಕ್ಟೋಮೀಟರ್ ಅಂಕಿಯ ಕಾಲು ಭಾಗ, ಫ್ಯಾಟಿನ ಐದನೇ ಒಂದು ಭಾಗ, ಜೊತೆಗೆ ಒಂದು ಸಣ್ಣ ಸಂಖ್ಯೆ ಕೂಡಿಸಿದರೆ ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ. ರಿಚ್ಮಂಡ್ ಎಂಬ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞನ ಹೆಸರಿನಲ್ಲಿರುವ ಸೂತ್ರ ಇದು. ಅದರ ಒಳಗೆ ಕೂತಿರುವುದೂ ಇಷ್ಟು ಹೊತ್ತು ಮಾಡಿದ ಸಾಂದ್ರತೆಯ ಲೆಕ್ಕವೇ, ಒಂದು ಪ್ರಾಣಿ ಜಾಸ್ತಿ ಅಷ್ಟೇ.

ಇನ್ನೊಂದು ನಂಬಿಕೆಯನ್ನು ನಾವು ಮಾತಾಡದೆ ಒಪ್ಪಿಕೊಂಡುಬಿಟ್ಟಿದ್ದೇವೆ. ಎರಡು ವಸ್ತು ಸೇರಿದರೆ ಗಾತ್ರಗಳೂ ಕೂಡುತ್ತವೆ ಎಂದು. ಅರಗು ಅರಗಾಗಿ, ಚಿನ್ನ ಚಿನ್ನವಾಗಿ ಬೇರೆ ಬೇರೆ ಇರುವಾಗ ಅದು ಸರಿ. ಒಂದರಲ್ಲಿ ಒಂದು ಕರಗಿದಾಗ ಯಾವಾಗಲೂ ಹಾಗಲ್ಲ. 50 ಮಿಲಿ ನೀರಿಗೆ 50 ಮಿಲಿ ಆಲ್ಕೋಹಾಲ್ ಬೆರೆಸಿದರೆ ನೂರು ಆಗುವುದಿಲ್ಲ, 96-97 ಮಿಲಿ ಆಗುತ್ತದೆ. ಹಾಗೆಯೇ ಗುಂಡಿನೊಳಗೆ ಎಲ್ಲಾದರೂ ಟೊಳ್ಳು ಉಳಿದಿದ್ದರೆ ಆ ಗಾಳಿಯನ್ನೂ ನಮ್ಮ ಲೆಕ್ಕ ಅರಗು ಎಂದೇ ಎಣಿಸುತ್ತದೆ, ಚಿನ್ನ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ದೊಡ್ಡಮ್ಮನಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ಇನ್ನೂ ಜಾಸ್ತಿನೇ ಇರಬಹುದು ಅನ್ನು" ಎಂದು ಅವರಿಗೆ ಬೇಕಾದ್ದನ್ನು ಮಾತ್ರ ಹಿಡಿದುಕೊಂಡರು.

ಎರಡು ವಾರದ ನಂತರ ಪರಿಚಯದ ಆಚಾರಿಯೊಬ್ಬರ ಹತ್ತಿರ ಹೋದೆವು. ನನ್ನ ಚೀಟಿಯನ್ನು ಅವರು ನೋಡಲೂ ಇಲ್ಲ. "ಕರಗಿಸಿದರೆ ಗೊತ್ತಾಗುತ್ತಲ್ಲ" ಎಂದು ಗುಂಡುಗಳನ್ನು ಒಂದೊಂದಾಗಿ ಬಿಸಿ ಮಾಡಿ ಅರಗು ತೆಗೆದರು. ಕಂದು ಬಣ್ಣದ ಅರಗು ಸುಟ್ಟ ವಾಸನೆ ಬಿಡುತ್ತಾ ತಟ್ಟೆಗೆ ಇಳಿಯಿತು. ತಗಡುಗಳನ್ನು ತೊಳೆದು ಒರೆಸಿ, ಕರಗಿಸುವ ಮೊದಲು ನಮ್ಮೆದುರೇ ತೂಗಿದರು. 23.70 ಗ್ರಾಂ.

ಮನೆಗೆ ಬಂದು ಹಿಂದಕ್ಕೆ ಲೆಕ್ಕ ಹಾಕಿದೆ. ಅರಗು 6.30 ಗ್ರಾಂ, ಗಾತ್ರ 5.47 ಸಿಸಿ. ಸಾಂದ್ರತೆ 1.15.